ಕೋಟಾದ ಮೇಜರ್ ಸಾಹೇಬ ಮತ್ತು ನಮ್ಮ ಸುರೇಬಾನ

ರಾತ್ರಿ ಪಾಳಿಯಲ್ಲಿ ತೂಕಡಿಸುವ ಕಾವಲುಗಾರನ ಕೆನ್ನೆಗೆ ಬಾರಿಸುವುದು, ಬೀಡಿ ಹಚ್ಚಿದವನನ್ನು ಇಂಗ್ಲಿಷಿನಲ್ಲಿ ಗದರಿಸುವುದು. ರಾಜಸ್ಥಾನದ ಕೋಟಾ ನಗರದ ಬ್ರಿಜ್‌ರಾಜ್ ಭವನ ಹೋಟೆಲಿನ ದೆವ್ವಕ್ಕೆ ಇವೆರಡೇ ಕೆಲಸವಂತೆ. ದುಡ್ಡು ಕೊಟ್ಟು ತಂಗುವ ಅತಿಥಿಗಳ ತಂಟೆಗೆ ಅದು ಬರುವುದಿಲ್ಲ. ಇಷ್ಟು ಶಿಸ್ತಿನ ದೆವ್ವದ ಬಗ್ಗೆ ನಮ್ಮ ಕಡೆ ನಾನು ಕೇಳಿಲ್ಲ. ನಮ್ಮವು ಹುಣಸೆಮರದಲ್ಲಿ ಕಾಲು ಇಳಿಬಿಟ್ಟು ಕೂರುತ್ತವೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ತೆಪ್ಪಗೆ ಹಿಂದಿರುಗುತ್ತವೆ.

ಅಕ್ಕನ ಮಗನನ್ನು ಕೋಚಿಂಗಿಗೆ ಸೇರಿಸಲು ಕೋಟಾಕ್ಕೆ ಹೋಗಿದ್ದೆ. ಕರ್ನಾಟಕದಿಂದ ಆ ಊರಿಗೆ ಹೋಗುವವರೆಲ್ಲ ಬಹುಪಾಲು ಇದೇ ಕೆಲಸಕ್ಕೆ ಹೋಗುವವರು. ಹಾಸ್ಟೆಲಿನ ಶುಲ್ಕ ಕಟ್ಟಿದ ಮೇಲೆ ಅರಮನೆಯಂಥ ಹೋಟೆಲಿನಲ್ಲಿ ಮಲಗುವ ಹುರುಪು ಯಾರಿಗೂ ಉಳಿದಿರುವುದಿಲ್ಲ. ಆದರೆ ನಾನು ನರಗುಂದದವನು. 1857ರ ಬಂಡಾಯ ಎಂದರೆ ನನಗೆ ಕಿವಿ ನಿಮಿರುತ್ತದೆ, ಆ ಹೋಟೆಲಿನ ದೆವ್ವವೂ ಆ ಕಾಲದ್ದೇ. ಅಲ್ಲಿಯೇ ಒಂದು ರಾತ್ರಿ ತಂಗಿದೆ. ಹುಡುಗ ಮಾತ್ರ, “ದೆವ್ವ ನೋಡುವುದಕ್ಕೂ ಬಾಡಿಗೆ ಕೊಡಬೇಕಾ ಮಾಮಾ?” ಎಂದು ಕೇಳಿ ಹಾಸ್ಟೆಲಿಗೆ ನಡೆದ.

ಈಗ ಹೋಟೆಲಾಗಿರುವ ಈ ಮನೆ ಚಂಬಲ್ ನದಿಯ ದಂಡೆಯ ಮೇಲಿದೆ. 1830ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಯ ನಿವಾಸವೆಂದು ಕಟ್ಟಿದ್ದು. ಎತ್ತರದ ಛಾವಣಿ, ಉದ್ದನೆಯ ವರಾಂಡ, ಹೊರಗೆ ತೋಟ. 1857ರಲ್ಲಿ ಇಲ್ಲಿದ್ದವನು ಪೊಲಿಟಿಕಲ್ ಏಜೆಂಟ್, ಅಂದರೆ ಸಂಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿ, ಮೇಜರ್ ಚಾರ್ಲ್ಸ್ ಬರ್ಟನ್. ನೀಮಚ್‌ನಲ್ಲಿ ಸಿಪಾಯಿಗಳು ತಿರುಗಿಬಿದ್ದಾಗ ಅಲ್ಲಿಗೆ ಹೋಗಿದ್ದವನು, ಹೆಂಡತಿಯನ್ನು ಅಲ್ಲಿಯೇ ಬಿಟ್ಟು ಇಬ್ಬರು ಗಂಡುಮಕ್ಕಳೊಂದಿಗೆ ಅಕ್ಟೋಬರಿನಲ್ಲಿ ಕೋಟಾಕ್ಕೆ ಮರಳಿದ. ಬಂದವನೇ ಕೋಟಾದ ದೊರೆ ಮಹಾರಾವ್ ಎರಡನೆಯ ರಾಮಸಿಂಹನಿಗೆ, ನಿನ್ನ ಸೈನ್ಯದಲ್ಲಿ ನಂಬಿಕೆಗೆ ಅರ್ಹರಲ್ಲದವರನ್ನು ತೆಗೆದುಹಾಕು ಎಂದು ಸಲಹೆ ಕೊಟ್ಟ. ಆ ಮಾತು ಸೈನ್ಯದವರ ಕಿವಿಗೇ ಬಿತ್ತು. ಅಕ್ಟೋಬರ್ 15ರಂದು ಅವರು ಮನೆಯನ್ನು ಮುತ್ತಿದರು. ಅಪ್ಪ ಮಕ್ಕಳು ಮಹಡಿ ಹತ್ತಿ ಗಂಟೆಗಟ್ಟಲೆ ತಡೆದು ನಿಂತರು. ಮಹಾರಾವ್‌ನ ಸಹಾಯ ಬರಲಿಲ್ಲ. ಕೊನೆಗೆ ಮೂವರೂ ಸತ್ತರು. ಊರು ಬಂಡಾಯಗಾರರ ಕೈಯಲ್ಲಿಯೇ ಉಳಿದು, 1858ರ ಮಾರ್ಚಿನಲ್ಲಿ ಜನರಲ್ ರಾಬರ್ಟ್ಸ್‌ನ ಸೈನ್ಯ ಬಂದ ಮೇಲಷ್ಟೇ ಮತ್ತೆ ಬ್ರಿಟಿಷರ ವಶವಾಯಿತು. ಮಹಾರಾವ್‌ಗೆ ಸಲ್ಲುತ್ತಿದ್ದ ಕುಶಾಲತೋಪನ್ನು 17ರಿಂದ 13ಕ್ಕೆ ಇಳಿಸಿದರು. ಏಜೆಂಟನ ಜೀವಕ್ಕೆ ನಾಲ್ಕು ತೋಪು! ಬ್ರಿಟಿಷ್ ಸರ್ಕಾರದ ಲೆಕ್ಕಾಚಾರವೇ ಹಾಗೆ.

ಮೇಜರನ ದೆವ್ವಕ್ಕೆ ಒಳ್ಳೆಯ ಸಾಕ್ಷಿಯೂ ಸಿಕ್ಕಿದೆ. ಮುಂದೆ ಈ ಮನೆ ಮಹಾರಾವ್ ಕುಟುಂಬದ್ದಾಯಿತು. 1980ರಲ್ಲಿ ಕೋಟಾದ ರಾಜಮಾತೆ ಬ್ರಿಟನ್ನಿನ ಪತ್ರಕರ್ತರೊಂದಿಗೆ ಮಾತನಾಡುತ್ತಾ, ಬರ್ಟನ್‌ನನ್ನು ದಿವಾನಖಾನೆಯಲ್ಲಿ ತಾವೇ ಕಂಡಿರುವುದಾಗಿ ಹೇಳಿದರಂತೆ: ಬಿಳಿಗೂದಲಿನ ಮುದುಕ, ಕೈಯಲ್ಲಿ ಬೆತ್ತ. ಅಂದಿನಿಂದ ಭಾರತದ ‘ದೆವ್ವದ ಹೋಟೆಲು’ಗಳ ಯಾವ ಪಟ್ಟಿ ತೆರೆದರೂ ಈ ಹೆಸರು ಮೊದಲ ಸಾಲುಗಳಲ್ಲಿಯೇ ಇರುತ್ತದೆ.

ನನಗೆ ಏನೂ ಕಾಣಲಿಲ್ಲ. ಕೋಟಾದ ಕಚೋರಿಯನ್ನು ಸಂಜೆ ಮಿತಿಮೀರಿ ತಿಂದಿದ್ದರಿಂದ ರಾತ್ರಿಯಿಡೀ ಇಂಗಿನ ತೇಗು ಬಂತು, ಅಷ್ಟೇ. ಎದ್ದು ಕೂತಿದ್ದೆ ನಿಜ, ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋಡೆಯ ಮೇಲಿನ ಹಳೆಯ ಬೇಟೆಯ ಚಿತ್ರಗಳು. ಬಂದೂಕು ಹಿಡಿದ ದೊರೆಗಳು, ಅವರ ಬೂಟಿನ ಬುಡದಲ್ಲಿ ಬಾಯಿ ತೆರೆದು ಸತ್ತ ಹುಲಿ, ಫೋಟೊದ ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಆಳಿನ ಮುಖ. ದೆವ್ವವಾಗಿ ಬರುವ ಹಕ್ಕು ಯಾರಿಗಾದರೂ ಇದ್ದರೆ ಮೊದಲು ಆ ಹುಲಿಗೆ, ಆಮೇಲೆ ಆ ಆಳಿಗೆ.

ಮರುದಿನ ಹಾಸ್ಟೆಲಿನ ಕಾವಲುಗಾರನನ್ನು ಮೇಜರನ ಏಟಿನ ಬಗ್ಗೆ ಕೇಳಿದೆ. “ಕಥೆ ಗೊತ್ತು ಸಾಹೇಬರೇ. ಈಗ ಆ ಕೆಲಸ ಕ್ಯಾಮೆರಾ ಮಾಡುತ್ತದೆ. ತೂಕಡಿಸಿದರೆ ಸಂಬಳದಲ್ಲಿ ಹಿಡಿಯುತ್ತಾರೆ” ಎಂದು ನಕ್ಕ.

ನನ್ನ ತಕರಾರು ಬೇರೆ. ನಮ್ಮ ದೇಶದ ಹೋಟೆಲುಗಳಲ್ಲಿ ಹೆಸರು ಮಾಡಿದ ದೆವ್ವಗಳೆಲ್ಲ ಬಿಳಿಯರೇ ಏಕೆ? ಮಸ್ಸೂರಿಯ ಸವಾಯ್ ಹೋಟೆಲಿನಲ್ಲಿ 1911ರಲ್ಲಿ ವಿಷದಿಂದ ಸತ್ತ ಫ್ರಾನ್ಸೆಸ್ ಗಾರ್ನೆಟ್ ಓರ್ಮ್ ತನ್ನನ್ನು ಕೊಂದವರನ್ನು ಹುಡುಕುತ್ತಾ ಇಂದಿಗೂ ಮೊಗಸಾಲೆಯಲ್ಲಿ ಓಡಾಡುತ್ತಾಳಂತೆ. ಅದೇ ಕೋಟಾದಲ್ಲಿ ಬಂಡಾಯದ ಮುಂದಾಳುಗಳಾದ ಲಾಲಾ ಜೈದಯಾಳ್ ಮತ್ತು ಮೆಹರಾಬ್ ಖಾನ್ ಇಬ್ಬರನ್ನೂ 1860ರಲ್ಲಿ ಗಲ್ಲಿಗೇರಿಸಿದರು. ಅವರು ಬಂದು ಯಾರ ಕೆನ್ನೆಗೆ ಹೊಡೆದ ಸುದ್ದಿಯೂ ನನ್ನ ಕಿವಿಗೆ ಬಿದ್ದಿಲ್ಲ. ನಮ್ಮ ಹಲಗಲಿಯ ಬೇಡರೂ ಗಲ್ಲಿಗೇರಿದ ಮೇಲೆ ದೆವ್ವವಾಗಲಿಲ್ಲ, ಲಾವಣಿಯಾದರು.

ಬರ್ಟನ್‌ಗೆ ಸರಿಜೋಡಿ ನಮ್ಮಲ್ಲಿಯೇ ಇದ್ದಾನೆ, ಅವನನ್ನು ಯಾರೂ ಮೂಸುವುದಿಲ್ಲ. ಅವನೂ ಪೊಲಿಟಿಕಲ್ ಏಜೆಂಟನೇ, ಹೆಸರು ಮ್ಯಾನ್ಸನ್. 1858ರ ಮೇ 29ರ ರಾತ್ರಿ ನಮ್ಮೂರ ಹತ್ತಿರದ ಸುರೇಬಾನದಲ್ಲಿ ಬೀಡುಬಿಟ್ಟಿದ್ದಾಗ ನರಗುಂದದ ಸಂಸ್ಥಾನಿಕ ಬಾಬಾಸಾಹೇಬ ಮುತ್ತಿಗೆ ಹಾಕಿ ಕೊಂದ. ರುಂಡವನ್ನು ತಂದು ನಮ್ಮೂರ ಅಗಸಿಗೆ ತೂಗುಹಾಕಿದರು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಬರ್ಟನ್‌ನ ಕಥೆಗಿಂತ ಇದರಲ್ಲಿ ರಕ್ತ ಕಡಿಮೆಯೇನಿಲ್ಲ. ಮುಂಡ ಒಂದೂರಲ್ಲಿ, ರುಂಡ ಇನ್ನೊಂದೂರಲ್ಲಿ ಇರುವ ದೆವ್ವಕ್ಕೆ ಅಲೆದಾಡಲು ಕಾರಣವೂ ಬೇಕಾದಷ್ಟಿದೆ. ಆದರೂ ನಾನು ಹುಟ್ಟಿ ಬೆಳೆದ ಊರಿನಲ್ಲಿ, ಅಮಾವಾಸ್ಯೆಯ ದಿನವೂ, “ಮ್ಯಾನ್ಸನ್ ಬಂದಾನು, ಮಲಗು” ಎಂದು ಯಾವ ಅಜ್ಜಿಯೂ ಮೊಮ್ಮಕ್ಕಳನ್ನು ಹೆದರಿಸಿದ್ದನ್ನು ಕೇಳಿಲ್ಲ. ಸುರೇಬಾನದಲ್ಲಿ ಯಾರಾದರೂ ಪುಣ್ಯಾತ್ಮರು ಉದ್ದ ವರಾಂಡದ ಒಂದು ಹೋಟೆಲು ಕಟ್ಟಿ, ಕೋಣೆಗಳಿಗೆ ಅರಮನೆಯ ದರ ಹಾಕಲಿ. ಮರುದಿನವೇ ಸಾಹೇಬ ಬೆತ್ತ ಹಿಡಿದು ಹಾಜರಾಗುತ್ತಾನೆ.