ಮೂರು ಕೋಟೆ, ಮೂರು ಬೆಳಗ್ಗೆ

ಬೆಂಗಳೂರಿಗೆ ಬಂದ ನೆಂಟರನ್ನು ಮೊದಲು ವಿಧಾನಸೌಧದ ಮುಂದೆ ನಿಲ್ಲಿಸಿ ಫೋಟೊ ತೆಗೆಯುವುದು ವಾಡಿಕೆ. ಆ ಕಟ್ಟಡ ಮುಗಿದದ್ದು 1956ರಲ್ಲಿ. ಕೆಂಪೇಗೌಡರ ಊರು 1537ರದ್ದು. ಹಳೆಯ ಊರು ಬೇಕಿದ್ದರೆ 1791ರ ಜಾಡು ಹಿಡಿಯಿರಿ. ಆ ವರ್ಷ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಸೈನ್ಯ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ, ಅಕ್ಟೋಬರ್‌ನಲ್ಲಿ ನಂದಿದುರ್ಗ (ಇಂದಿನ ನಂದಿಬೆಟ್ಟ), ಡಿಸೆಂಬರ್‌ನಲ್ಲಿ ಸಾವನದುರ್ಗ ಹಿಡಿಯಿತು.

ಮೊದಲ ದಿನ ಹಸಿರು ಮಾರ್ಗದ ಮೆಟ್ರೊದಲ್ಲಿ ಕೆ.ಆರ್. ಮಾರ್ಕೆಟ್‌ಗೆ ಬನ್ನಿ. ಹೂವಿನ ಸಂತೆ ಕಾಣಬೇಕಾದರೆ ಬೆಳಗ್ಗೆ ಏಳರೊಳಗೆ ಒಳಗಿರಬೇಕು. ನೆಲ ಯಾವಾಗಲೂ ಒದ್ದೆ, ಸವೆದ ಚಪ್ಪಲಿ ಬೇಡ. ಪಕ್ಕದಲ್ಲೇ ಕೋಟೆಯ ದೆಹಲಿ ಬಾಗಿಲು. ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ ಕೋಟೆಯಲ್ಲಿ ಉಳಿದದ್ದು ಇಷ್ಟೇ ತುಣುಕು. ಅಲ್ಲಿಂದ ನಡೆದೇ ಟಿಪ್ಪುವಿನ ಬೇಸಿಗೆ ಅರಮನೆ, ಅದಕ್ಕೆ ಅಂಟಿದಂತೆ ಕೋಟೆ ವೆಂಕಟರಮಣ ಗುಡಿ. ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಕೊಳ್ಳುವವರು ಭಾನುವಾರ ಬರಬೇಡಿ, ಬಹುತೇಕ ಅಂಗಡಿ ಬಾಗಿಲು ಹಾಕಿರುತ್ತವೆ. ಬರೀ ಗಲ್ಲಿ ಸುತ್ತುವವರಿಗೆ ಅದೇ ಒಳ್ಳೆಯ ದಿನ.

ಸಂಜೆ ಲಾಲ್‌ಬಾಗ್‌ನ ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷದ ಕಲ್ಲು, ನೆತ್ತಿಯಲ್ಲಿ ಕೆಂಪೇಗೌಡರ ಗೋಪುರ. ಮಾರನೆಯ ದಿನದ ಶೂ ಹಾಕಿಕೊಂಡೇ ಹೋಗಿ. ಇಲ್ಲಿ ಜಾರುವ ಶೂ ಸಾವನದುರ್ಗಕ್ಕೆ ಲಾಯಕ್ಕಲ್ಲ.

ಸಾವನದುರ್ಗ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಏಕಶಿಲೆ, ಮಾಗಡಿ ಕಡೆ ಸುಮಾರು 60 ಕಿ.ಮೀ. ಬಸ್ಸಿನಲ್ಲಾದರೆ ಮಾಗಡಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸೋ ಆಟೊವೋ ಹಿಡಿಯಬೇಕು. ಅರಣ್ಯ ಇಲಾಖೆಯ ಚಾರಣ ಬುಕಿಂಗ್ ಮೊದಲೇ ನೋಡಿಕೊಳ್ಳಿ, ಗುರುತಿನ ಚೀಟಿ ಇಟ್ಟುಕೊಳ್ಳಿ. ತಲೆಗೆ ಮೂರು ಲೀಟರ್ ನೀರು. ಮೇಲೆ ಕುಡಿಯುವ ನೀರಿಲ್ಲ, ನೆರಳೂ ಅಷ್ಟಕ್ಕಷ್ಟೆ. ಹತ್ತಲು ಎರಡು ಗಂಟೆ ಹಿಡಿಯಿರಿ. ಹತ್ತು ಗಂಟೆಯ ಮೇಲೆ ಬಂಡೆ ಕಾದ ಹೆಂಚು.

ದಾರಿ ತಪ್ಪುವುದು ಬಹುಪಾಲು ಇಳಿಯುವಾಗ. ಹತ್ತುವಾಗ ಬಂಡೆಯ ಮೇಲಿನ ಬಿಳಿ ಬಾಣ ಎದುರಿಗೇ ಇರುತ್ತವೆ. ಇಳಿಯುವಾಗ ಅವು ಬೆನ್ನು ತಿರುಗಿಸಿರುತ್ತವೆ, ಮೇಲಿನಿಂದ ಎಲ್ಲ ಇಳಿಜಾರೂ ಒಂದೇ ಥರ. ಹತ್ತುವಾಗಲೇ ಅಲ್ಲಲ್ಲಿ ತಿರುಗಿ ನೋಡಿ, ಒಂದು ಪೊದೆಯನ್ನೋ ಕೋಟೆ ಗೋಡೆಯನ್ನೋ ಗುರುತಿಟ್ಟುಕೊಳ್ಳಿ. ಬಾಣ ಕಾಣದಿದ್ದರೆ ಕೆಳಗಿಳಿದು ಹುಡುಕಬೇಡಿ, ಕೊನೆಯ ಬಾಣದವರೆಗೆ ವಾಪಸ್ ಹತ್ತಿ.

ಕಡಿದಾದ ಕಡೆ ತುದಿಗಾಲು ಬೇಡ, ಅಟ್ಟೆ ಪೂರ್ತಿ ಕಲ್ಲಿಗೆ ಕೂತರೆ ಹಿಡಿತ. ಬಂಡೆಯ ಮೇಲೆ ಉದ್ದಕ್ಕೆ ಇಳಿದಿರುವ ಕಪ್ಪು ಪಟ್ಟೆ ಮಳೆನೀರಿನ ಹಾದಿ. ಒಣಗಿದ್ದಾಗ ಸಾಧು, ಒದ್ದೆಯಾದರೆ ಪಾಚಿ ಸೋಪಿನಂತೆ ಜಾರುತ್ತದೆ. ಮಳೆ ಹನಿದರೆ ಎಲ್ಲಿದ್ದೀರೋ ಅಲ್ಲಿಂದಲೇ ಇಳಿಯಿರಿ, ನೆತ್ತಿಯ ನಂದಿ ಮಂಟಪ ಎಲ್ಲೂ ಹೋಗುವುದಿಲ್ಲ.

ನಂದಿಬೆಟ್ಟಕ್ಕೆ ವಾರದ ನಡುವೆ ಹೋಗಿ. ಶನಿವಾರ, ಭಾನುವಾರ ಸೂರ್ಯೋದಯಕ್ಕೆಂದು ಹೊರಟವರು ಅದನ್ನು ಕಾರಿನ ಸಾಲಿನಲ್ಲೇ ನೋಡುತ್ತಾರೆ. ಚಳಿಗಾಲದಲ್ಲಿ ಎಷ್ಟೋ ಸಲ ಮಂಜು ಅದನ್ನೂ ಬಿಡುವುದಿಲ್ಲ. ಇಳಿದ ಮೇಲೆ ತಪ್ಪಲಿನ ಭೋಗನಂದೀಶ್ವರ ಗುಡಿಗೆ ಒಂದು ಗಂಟೆಯಾದರೂ ಇಟ್ಟುಕೊಳ್ಳಿ, ಅಲ್ಲಿನ ಕಲ್ಯಾಣಿಯ ಮೆಟ್ಟಿಲಿಗೆ ಬೆಳಗಿನ ಓರೆ ಬಿಸಿಲು ಚೆನ್ನ.