ಅಡಿಕೆ ಮಂಡಿಯಿಂದ ಕಲ್ಲಿನ ಅಂಗಳಕ್ಕೆ

ತೀರ್ಥಹಳ್ಳಿ ಕಡೆಯ ನಮ್ಮೂರಿನ ನಾಗರಬನದಲ್ಲಿ ಒಂದು ಆಷಾಢದ ರಾತ್ರಿ ಹಲಸಿನ ಮರ ಬುಡಸಮೇತ ಉರುಳಿ, ಅದರಡಿಯಲ್ಲಿದ್ದ ನಾಗರಕಲ್ಲು ಹೆಡೆಯ ಕೆಳಗೆ ಅಡ್ಡಲಾಗಿ ತುಂಡಾಗದೇ ಹೋಗಿದ್ದರೆ, ನಾನು ಇಂದಿಗೂ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತ ಕುಳಿತಿರುತ್ತಿದ್ದೆ. ಭಿನ್ನವಾದ ಕಲ್ಲಿಗೆ ಪೂಜೆ ಸಲ್ಲುವುದಿಲ್ಲವಾದ್ದರಿಂದ ಹೊಸದನ್ನು ಕೆತ್ತಿಸಲೇಬೇಕಾಗಿತ್ತು. ಪೇಟೆಯಲ್ಲಿರುವವನು, ನಾಲ್ಕು ಜನರ ಪರಿಚಯವಿರುವವನು ಎಂಬ ಕಾರಣಕ್ಕೆ ಆ ಕೆಲಸ ನನ್ನ ಪಾಲಿಗೆ ಬಂತು. ನನಗಿದ್ದ ಪರಿಚಯವೆಲ್ಲ ದಲಾಲರದು ಮತ್ತು ಹಮಾಲರದು ಎಂಬುದನ್ನು ಊರಿನವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ.

ಕೆತ್ತನೆಯೆಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಸಾಗರ ಮತ್ತು ಸೊರಬದ ಗುಡಿಗಾರರು. ಅವರದು ಶ್ರೀಗಂಧದ ಕೆಲಸ. ಸಾಗರದಲ್ಲಿ ನಾನು ಕಂಡ ಹಿರಿಯ ಗುಡಿಗಾರರೊಬ್ಬರು ನನ್ನ ಬೇಡಿಕೆಯನ್ನು ಕೇಳಿ, “ಮರಕ್ಕೆ ಎಳೆ ಇರುತ್ತದೆ, ಅದು ದಾರಿ ತೋರಿಸುತ್ತದೆ. ಕಲ್ಲಿನ ವಿಷಯ ನನಗೆ ತಿಳಿಯದು” ಎಂದು ಹೇಳಿ, ಊರ ಹೊರಗಿನ ಒಬ್ಬ ಆಚಾರ್ಯರ ಅಂಗಳಕ್ಕೆ ದಾರಿ ಹೇಳಿಕೊಟ್ಟರು.

ಆ ಅಂಗಳದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು. ಮಂಡಿಯಲ್ಲಿ ಹನ್ನೊಂದು ವರ್ಷ ಕಳೆದವನಿಗೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆಯ ದರ್ಜೆಗಳ ಹೆಸರುಗಳು ನಿದ್ದೆಯಲ್ಲೂ ಬರುತ್ತವೆ. ಲೆಕ್ಕ ಬರೆಯುವವನು ಅಡಿಕೆಯನ್ನು ಮುಟ್ಟಬೇಕಾದ ಅಗತ್ಯವಿಲ್ಲ. ಆದರೂ ಚೀಲದಿಂದ ಒಂದು ಬೊಗಸೆ ತೆಗೆದು ಕುಲುಕಿ, ಚೆನ್ನಾಗಿ ಒಣಗಿದ್ದು ಖಣಖಣ ಎನ್ನುವುದನ್ನೂ ಒಳಗೆ ತೇವ ಉಳಿದದ್ದು ಮಂಕಾಗಿ ಸದ್ದು ಮಾಡುವುದನ್ನೂ ಕೇಳುವ ಚಾಳಿ ನನಗೆ ಅಂಟಿಕೊಂಡಿತ್ತು. ಆಚಾರ್ಯರು ನಾಗರಕಲ್ಲಿಗೆಂದು ಮೂರು ಕರಿಕಲ್ಲುಗಳನ್ನು ಬದಿಗಿಟ್ಟಿದ್ದರು. ಒಂದೊಂದನ್ನೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದಾಗ, ಯಾರೂ ಕೇಳದಿದ್ದರೂ ನಾನು “ನಡುವಿನದು ಒಣಗಿಲ್ಲ” ಎಂದುಬಿಟ್ಟೆ.

“ಒಣಗಿಲ್ಲ ಅಂದ್ರೆ ಏನು ಮಾರಾಯ? ಕಲ್ಲೇನು ಅಡಿಕೆಯಾ?” ಎಂದು ಅವರು ನಕ್ಕರು. ನಗು ಮುಗಿದ ಮೇಲೆ ಒಂದು ಚೊಂಬು ನೀರು ತಂದು ಆ ನಡುವಿನ ಕಲ್ಲಿನ ಮೇಲೆ ಸುರಿದು, ಬೀಡಿ ಹಚ್ಚಿ ಕುಳಿತರು. ಬಿಸಿಲಿಗೆ ಕಲ್ಲಿನ ಮೈ ಬೇಗನೆ ಆರಿತು. ಆದರೆ ಒಂದು ಮೂಲೆಯಿಂದ ಹೊರಟು ಮಧ್ಯದವರೆಗೆ, ಕೂದಲಿನಷ್ಟು ತೆಳುವಾದ ಒಂದು ಗೆರೆ ಮಾತ್ರ ಕಪ್ಪಾಗಿಯೇ ಉಳಿಯಿತು. ಬಿರುಕು ಕುಡಿದ ನೀರು ಅಷ್ಟು ಸುಲಭವಾಗಿ ಆರುವುದಿಲ್ಲ. ಅವರು ಆ ಗೆರೆಯನ್ನು ನೋಡಿದರು, ನನ್ನನ್ನೂ ನೋಡಿದರು, ಆಮೇಲೆ ಭಾನುವಾರ ಏನು ಮಾಡುತ್ತೀ ಎಂದು ಕೇಳಿದರು.

ಶಿಲ್ಪಶಾಸ್ತ್ರವು ದನಿಯನ್ನು ಅನುಸರಿಸಿ ಕಲ್ಲನ್ನು ಪುರುಷಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ವಿಂಗಡಿಸುತ್ತದೆ ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ. ಹೆಸರುಗಳ ಬಗ್ಗೆ ಏನಾದರೂ ಹೇಳಲಿ, ಒಳಗೆ ಒಡಕಿಲ್ಲದ ಕಲ್ಲು ಗಂಟೆಯಂತೆ ದನಿಗೊಡುತ್ತದೆ ಎಂಬುದು ಬರಿಯ ಶಾಸ್ತ್ರದ ಮಾತಲ್ಲವೆಂದು ನನ್ನ ಕಿವಿಯೇ ಸಾಕ್ಷಿ ಹೇಳುತ್ತದೆ.

ಭಾನುವಾರಗಳ ಮೊದಲ ಐದು ತಿಂಗಳು ನಾನು ಕಲ್ಲನ್ನು ಕೆತ್ತಲಿಲ್ಲ. ಉಳಿಗಳನ್ನು ಹದ ಮಾಡುತ್ತಿದ್ದೆ. ಮೊಂಡಾದ ಉಳಿಯ ತುದಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಮೊನೆ ತೆಗೆದು, ಮತ್ತೆ ಕಾಯಿಸಿ ಮೊನೆಯನ್ನಷ್ಟೇ ನೀರಿಗೆ ಅದ್ದಿ ಹೊರತೆಗೆದು ಉಜ್ಜಿದರೆ, ಹಿಂದಿನ ಭಾಗದಲ್ಲಿ ಉಳಿದ ಕಾವು ಮುಂದಕ್ಕೆ ಹರಿಯುತ್ತ ಬರುವಾಗ ಉಕ್ಕಿನ ಮೇಲೆ ಮೊದಲು ಒಣಹುಲ್ಲಿನ ಬಣ್ಣ, ಬಳಿಕ ನೇರಳೆ, ಬಳಿಕ ನೀಲಿ ಮೂಡುತ್ತದೆ. ಬೇಕಾದ ಬಣ್ಣ ಮೊನೆಗೆ ಬಂದ ಕ್ಷಣದಲ್ಲಿ ಇಡೀ ಉಳಿಯನ್ನು ನೀರಿಗೆ ಹಾಕಬೇಕು. ಮುಂಚೆ ಹಾಕಿದರೆ ಮೊನೆ ಬಿರುಸಾಗಿ ಚಕ್ಕೆಯೇಳುತ್ತದೆ, ತಡಮಾಡಿದರೆ ಮೆತ್ತಗಾಗಿ ಮಡಚಿಕೊಳ್ಳುತ್ತದೆ. ಇಂದು ಕಾರ್ಬೈಡ್ ತುದಿಯ ಉಳಿಗಳೂ ವಜ್ರದ ಬ್ಲೇಡಿನ ಗ್ರೈಂಡರುಗಳೂ ಬಂದಿರುವುದರಿಂದ ಈ ವಿದ್ಯೆ ಅನಾವಶ್ಯಕವೆಂದು ಹೇಳುವವರಿದ್ದಾರೆ. ನಾನೂ ಗ್ರೈಂಡರ್ ಬಳಸುತ್ತೇನೆ, ಸುಳ್ಳು ಹೇಳಲಾರೆ. ಆದರೆ ಅದು ಎಬ್ಬಿಸುವ ಹಿಟ್ಟಿನಂಥ ಧೂಳು ಶ್ವಾಸಕೋಶಕ್ಕೆ ಹೋಗಿ ಸಿಲಿಕೋಸಿಸ್ ತರುವಂಥದ್ದು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಾಕೆಂಬ ನಂಬಿಕೆ ನಮ್ಮ ಕಸುಬಿನ ಅತಿದೊಡ್ಡ ಮೂರ್ಖತನ.

ಊರಿನ ನಾಗರಕಲ್ಲನ್ನು ಆಚಾರ್ಯರೇ ಕೆತ್ತುವುದೆಂದು ಮಾತಾಗಿತ್ತು. ಹಳೆಯ ಕಲ್ಲನ್ನು ತುಂಗೆಯಲ್ಲಿ ಬಿಡುವ ಮೊದಲು ಅದರ ಮೇಲೆ ತೆಳುವಾದ ಕಾಗದ ಹಾಸಿ ಇದ್ದಿಲಿನಿಂದ ಉಜ್ಜಿ ಪಡಿಯಚ್ಚು ತೆಗೆದುಕೊಂಡಿದ್ದೆ. ಹೆಣೆದುಕೊಂಡ ಜೋಡಿ ನಾಗರ, ಹೆಡೆಗಳ ನಡುವೆ ಸಣ್ಣ ಲಿಂಗ. ಅದನ್ನು ಹಿಡಿದು ಅವರಿಗಿಂತ ಮೊದಲು ನಾನೇ ಒಂದು ಕಲ್ಲಿನ ಮೇಲೆ ಕೈಯಾಡಿಸಿದೆ. ಮೂರು ತಿಂಗಳ ಕೆಲಸ, ಎರಡು ಸುತ್ತು ಹೆಣಿಗೆ ಮುಗಿದು ಮೂರನೆಯದನ್ನು ಬಿಡಿಸುತ್ತಿದ್ದಾಗ, ಬಲಗಡೆಯ ಹೆಡೆ ಪೂರ್ತಿಯಾಗಿ ಕಳಚಿ ನನ್ನ ಪಾದದ ಪಕ್ಕಕ್ಕೆ ಬಿತ್ತು. ಆ ಕಲ್ಲನ್ನು ತಟ್ಟಿ ಕೇಳಿದ್ದೆನಾದರೂ ಗಡಿಬಿಡಿಯಲ್ಲಿ ನೀರು ಸುರಿದು ನೋಡಿರಲಿಲ್ಲ. ಕಿವಿಯ ಬಗ್ಗೆ ಬೆಳೆದಿದ್ದ ಜಂಬ ಅಂದಿಗೆ ಇಳಿಯಿತು. ಆಚಾರ್ಯರು ಬೈಯಲಿಲ್ಲ, ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ಆ ವಾರ ಬಸ್ಸು ಹತ್ತಿ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಹೋದೆ. 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬವನ್ನೂ ಕೇದಾರೇಶ್ವರ ಗುಡಿಯನ್ನೂ ಮೊದಲೂ ನೋಡಿದ್ದೆ, ಶಾಲೆಯ ಪ್ರವಾಸದಲ್ಲಿ. ಈ ಸಲ ಕಣ್ಣು ಹೋದದ್ದು ಬೇರೆ ಕಡೆಗೆ. 1117ರ ಬೇಲೂರಿನ ಮದನಿಕೆಗಳ ಅಡಿಯಲ್ಲಿ ಹೆಸರು ಕೆತ್ತಿಕೊಂಡ ದಾಸೋಜ ಮತ್ತು ಅವನ ಮಗ ಚಾವಣ ಇದೇ ಬಳ್ಳಿಗಾವಿಯವರು. ಬೇಲೂರಿನ ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿದ್ದು, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತ ಹೋಗುತ್ತದೆ. ಆದ್ದರಿಂದ ಬಳೆಯ ಸಂದಿನಲ್ಲೂ ಬೆಳಕು ಹಾಯುವಂತೆ ಕೊರೆಯಲು ಅವರಿಗೆ ಸಾಧ್ಯವಾಯಿತು. ನಾನು ಅಂಥ ಕೆಲಸವನ್ನು ಕರಿಕಲ್ಲಿನಿಂದ ನಿರೀಕ್ಷಿಸಿದ್ದೆ. ಹೆಡೆಯ ಹಿಂದೆ ಅಷ್ಟು ಆಳಕ್ಕೆ ಹೋಗುವ ಅಗತ್ಯವೇ ಇರಲಿಲ್ಲ. ಬಿರುಕು ಇದ್ದದ್ದು ನಿಜ, ಅದನ್ನು ತೆರೆದದ್ದು ನನ್ನ ಆಸೆ.

ಆಚಾರ್ಯರು ಕೆತ್ತಬೇಕಾಗಿದ್ದ ಕಲ್ಲನ್ನು, ಅವರು ಎದುರು ಕುಳಿತು ನೋಡುತ್ತಿದ್ದಂತೆ, ಕೊನೆಗೆ ನಾನೇ ಕೆತ್ತಿದೆ. ಕಣ್ಣುಗಳನ್ನು ಮಾತ್ರ ಅವರು ತಿದ್ದಿದರು. ಮಂಡಿಯ ಕೆಲಸವನ್ನು ಬಿಟ್ಟದ್ದು ಅದಾದ ಮೇಲಿನ ಯುಗಾದಿಗೆ. ಅಮ್ಮ ಎರಡು ವಾರ ಸರಿಯಾಗಿ ಮಾತಾಡಲಿಲ್ಲ. ಅಡಿಕೆಯ ಸುಗ್ಗಿಯಲ್ಲಿ ಇಂದಿಗೂ ಕೈಗೆ ಕಾಸು ಸಾಲದಿದ್ದಾಗ ಹಳೆಯ ಯಜಮಾನರಲ್ಲಿ ತಿಂಗಳೊಪ್ಪತ್ತು ಲೆಕ್ಕ ಬರೆದು ಬರುತ್ತೇನೆ.

ಹೆಡೆ ಕಳಚಿದ ಮೊದಲ ಕಲ್ಲನ್ನು ಎಸೆಯಲು ಮನಸ್ಸಾಗದೆ ಮನೆಯ ಬಾವಿಕಟ್ಟೆಯ ಬಳಿ ಹಾಕಿಸಿದ್ದೆ. ಕೆತ್ತಿದ ಮುಖ ಕೆಳಗಾಗಿ, ಒರಟು ಬೆನ್ನು ಮೇಲಾಗಿದೆ. ಬಟ್ಟೆ ಒಗೆಯಲು ಆ ಒರಟು ಬಹಳ ಚೆನ್ನಾಗಿದೆ ಎಂದು ಅಮ್ಮ ಹೇಳುತ್ತಾಳೆ, ಸೋಪು ಉಜ್ಜುತ್ತ.