ಕಪನೂರಿನ ಸರ್ವರ್, ಶಹಾಬಜಾರದ ಲ್ಯಾಪ್‌ಟಾಪ್

ತೊಗರಿ ಸೀಜನ್ ಹತ್ತಿರ ಬಂತೆಂದರೆ ದಾಲ್‌ಮಿಲ್ಲಿನವರ ಫೋನು ಕಂಪ್ಯೂಟರ್ ನೋಡಿಕೊಳ್ಳುವ ನನಗೆ ಶುರು. ಈಚೆಗೆ ಎಲ್ಲರದೂ ಒಂದೇ ಮಾತು: "ಮನ್ಯಾಗ ಕುಂತು ಲೆಕ್ಕ ನೋಡಂಗ ಮಾಡಿಕೊಡ್ರಿ ಮೇಡಂ." ಡಿಸೆಂಬರ್‌ನಲ್ಲಿ ಮಾಲು ಬರತೊಡಗಿದರೆ ಕಲಬುರಗಿಯ ನೆಹರೂ ಗಂಜಿನ ಅಡತಿ ಅಂಗಡಿಗಳಲ್ಲೂ ಕಪನೂರಿನ ಮಿಲ್ಲುಗಳಲ್ಲೂ ಮುನೀಮರು ರಾತ್ರಿ ಊಟದ ಹೊತ್ತು ಮೀರಿ ಕೂತಿರುತ್ತಾರೆ. ಬೇಡಿಕೆ ನ್ಯಾಯವಾದದ್ದೇ.

ಈ ಸಲದ ಕೆಲಸ ಕಪನೂರಿನ ಒಂದು ಮಿಲ್ಲಿನದು. ಅಲ್ಲಿಯ ಮುನೀಮ ಕಾಕಾಗೆ ಮೊಣಕಾಲು ನೋವು, ಮನೆ ಶಹಾಬಜಾರದಲ್ಲಿ. ಮಾಲಕರು ಆಗಾಗ ಹೈದರಾಬಾದಿಗೆ ಹೋಗುವವರು. ವೇ ಬ್ರಿಡ್ಜ್ ಕೋಣೆಯಲ್ಲಿ ಒಬ್ಬ ಹುಡುಗ ಲಾರಿ ತೂಕ ಬರೆದುಕೊಂಡು ಗೇಟ್ ಪಾಸ್ ಕೊಡುತ್ತಾನೆ. ಮೂವರಿಗೂ ಬೇಕಾದದ್ದು ಅದೇ ಒಂದು ಸರ್ವರ್, ಅದರೊಳಗಿನ ಲೆಕ್ಕದ ಪ್ರೋಗ್ರಾಂ ಟ್ಯಾಲಿ.

"ಟ್ಯಾಲಿ ನನ್ನ ಲ್ಯಾಪ್‌ಟಾಪಿಗೆ ಹಾಕು, ಡೇಟಾ ಇಂಟರ್ನೆಟ್ ಮ್ಯಾಲಿಂದ ತೊಗೋಳ್ಳಿ, ಆಗಂಗಿಲ್ಲೇನು?" ಅಂದರು ಕಾಕಾ. ಆಗುತ್ತದೆ, ಆದರೆ ಮಾಡಬಾರದು. ಡೇಟಾ ಫೋಲ್ಡರ್ ಕಪನೂರಿನಲ್ಲಿ, ಅದರೊಳಗೆ ಬರೆಯುವ ಪ್ರೋಗ್ರಾಂ ಶಹಾಬಜಾರದಲ್ಲಿ, ನಡುವೆ ಯಾವಾಗ ಕಡಿದುಹೋಗುತ್ತದೋ ಗೊತ್ತಿಲ್ಲದ ಇಂಟರ್ನೆಟ್. ವೋಚರ್ ಅರ್ಧ ಬರೆದಾಗ ಲೈನ್ ಹೋದರೆ ಫೈಲ್ ಕೆಡುವ ಭಯ ಇದ್ದೇ ಇದೆ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಹಾಗಿಲ್ಲ. ಲೆಕ್ಕ ನಡೆಯುವುದೆಲ್ಲ ಸರ್ವರಿನಲ್ಲೇ. ಮನೆಗೆ ಬರುವುದು ಬರೀ ಪರದೆಯ ಚಿತ್ರ, ಮನೆಯಿಂದ ಹೋಗುವುದು ಕೀಲಿಮಣೆ ಮತ್ತು ಮೌಸಿನ ಒತ್ತು. ಟ್ಯಾಲಿಯ ಪರದೆ ಸಿನಿಮಾದಂತೆ ಅಲುಗಾಡುವುದಿಲ್ಲವಾದ್ದರಿಂದ ಫೋನಿನ ಹಾಟ್‌ಸ್ಪಾಟೇ ಧಾರಾಳ ಸಾಕು. ನಡುವೆ ಲೈನ್ ಹೋದರೆ ಸರ್ವರಿನಲ್ಲಿ ಅವರ ಸೆಷನ್ ಇದ್ದಂತೆಯೇ ಇರುತ್ತದೆ. ಮತ್ತೆ ಸೇರಿದಾಗ ಅರ್ಧ ಟೈಪ್ ಮಾಡಿದ ವೋಚರ್, ಕರ್ಸರ್ ನಿಂತ ಜಾಗದ ಸಮೇತ, ಎದುರಿಗೆ. ಏಪ್ರಿಲ್-ಮೇದಲ್ಲಿ ಮಧ್ಯಾಹ್ನ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದ ನಮ್ಮ ಕಡೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕಿಲ್ಲ.

ಎನಿಡೆಸ್ಕ್, ಟೀಮ್‌ವ್ಯೂವರ್ ಯಾಕೆ ಬೇಡ ಎಂದು ಮಾಲಕರು ಕೇಳಿದರು. ರಿಪೇರಿಗೆ ಅವು ಚೆಂದ, ನಾನೂ ಬಳಸುತ್ತೇನೆ. ಆದರೆ ಅವು ತೋರಿಸುವುದು ಮಷಿನ್ ಮುಂದೆ ಕೂತವನ ಅದೇ ಪರದೆಯನ್ನು. ಮುನೀಮರು ಮನೆಯಿಂದ ಮೌಸ್ ಅಲುಗಿಸಿದರೆ ವೇ ಬ್ರಿಡ್ಜ್ ಹುಡುಗನ ಕೆಲಸ ನಿಂತಿತು. ಒಬ್ಬೊಬ್ಬರಿಗೂ ಅವರವರ ಪರದೆ ಬೇಕಾದರೆ ವಿಂಡೋಸ್ ಸರ್ವರಿನ ರಿಮೋಟ್ ಡೆಸ್ಕ್‌ಟಾಪೇ ದಾರಿ.

ಇಲ್ಲಿ ಲೈಸೆನ್ಸಿನ ಮಾತು ಬರುತ್ತದೆ, ಅಲ್ಲಿಗೆ ಅರ್ಧ ಗಿರಾಕಿಗಳ ಮುಖ ಸಣ್ಣದಾಗುತ್ತದೆ. ವಿಂಡೋಸ್ ಹೋಮ್ ಹಾಕಿದ ಮಷಿನ್‌ಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪಿನಲ್ಲಿ ಒಳಬರಲಾಗುವುದಿಲ್ಲ. ಪ್ರೊ ಆದರೆ ಒಬ್ಬರಿಗೆ ಮಾತ್ರ. ಅವರು ಒಳಬಂದರೆ ಎದುರು ಕೂತವನ ಪರದೆಗೆ ಬೀಗ. ಸರ್ವರಿನಲ್ಲಿ ಇಬ್ಬರಿಗೆ ಜಾಗವಿದೆ, ಆದರೆ ಅದು ಸರ್ವರ್ ನೋಡಿಕೊಳ್ಳುವವರಿಗೆ ಕೊಟ್ಟದ್ದು, ದಿನದ ಲೆಕ್ಕಕ್ಕಲ್ಲ. ದಿನದ ಕೆಲಸಕ್ಕೆ ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್ ಎಂಬ ಭಾಗ ಹಾಕಬೇಕು, ಅದಕ್ಕೆ 'ಕ್ಯಾಲ್' ಎಂಬ ಲೈಸೆನ್ಸ್ ಕೊಳ್ಳಬೇಕು. ಕೊಳ್ಳದೆ 120 ದಿನ ನಡೆಯುತ್ತದೆ, ಆಮೇಲೆ ಬಾಗಿಲು ಮುಚ್ಚುತ್ತದೆ. ನವೆಂಬರ್‌ನಲ್ಲಿ ಹಾಕಿಸಿದವರಿಗೆ ಈ ಗಡುವು ಬಂದು ನಿಲ್ಲುವುದು ಸರಿಯಾಗಿ ಮಾರ್ಚ್ ಲೆಕ್ಕ ಮುಗಿಸುವ ತಿಂಗಳಲ್ಲಿ. ಇನ್ನೊಂದು ಸೂಕ್ಷ್ಮ: ಕ್ಯಾಲ್ ಎರಡು ಬಗೆ, ವ್ಯಕ್ತಿಗೊಂದು ಅಥವಾ ಮಷಿನ್‌ಗೊಂದು. ಡೊಮೇನ್ (ಎಲ್ಲ ಮಷಿನ್, ಅಕೌಂಟುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ ಚಿಕ್ಕ ಆಫೀಸಿಗೆ, ಅಂದರೆ ನಮ್ಮೂರ ಬಹುತೇಕ ಮಿಲ್ಲುಗಳಿಗೆ, ಮಷಿನ್ ಲೆಕ್ಕದ್ದೇ ಬೇಕು. ವ್ಯಕ್ತಿ ಲೆಕ್ಕದ್ದು ತಂದು ಹಾಕಿದರೆ ಸರ್ವರ್ 2019 ಒಂದು ತಾಸು ಕೊಟ್ಟು ಹೊರಗೆ ಹಾಕುತ್ತದೆ. ಅಂಗಡಿಯವರು ಇದನ್ನು ಕೇಳಿ ಕೊಡುವುದು ಕಡಿಮೆ, ನಾವೇ ಕೇಳಿ ತರಬೇಕು.

ಪ್ರೊದಲ್ಲೇ ನಾಲ್ಕು ಜನ ಬರುವಂತೆ ಮಾಡುವ 'ರ‍್ಯಾಪರ್' ಹಾಕಿಕೊಡುವವರು ಊರಲ್ಲಿ ಇದ್ದಾರೆ. ನಾನು ಹಾಕುವುದಿಲ್ಲ. ಲೈಸೆನ್ಸಿಗೆ ವಿರುದ್ಧ ಎಂಬುದು ಒಂದು. ವಿಂಡೋಸ್ ಅಪ್‌ಡೇಟ್ ಆದ ಮರುದಿನ ಅದು ಕೈಕೊಡುವುದು, ಆಗ ಫೋನ್ ಬರುವುದು ನನಗೆ ಎಂಬುದು ಇನ್ನೊಂದು.

ಇನ್ನು ಬಾಗಿಲಿನ ವಿಷಯ. ರಿಮೋಟ್ ಡೆಸ್ಕ್‌ಟಾಪ್ ಕಾಯುವುದು 3389 ನಂಬರಿನ ಪೋರ್ಟಿನಲ್ಲಿ. ಮಿಲ್ಲಿನಲ್ಲಿ ಹಿಂದೆ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ, ಇತ್ತು, ನನಗಿಂತ ಮೊದಲು ನೋಡಿಕೊಳ್ಳುತ್ತಿದ್ದವರು ರೌಟರಿನಲ್ಲಿ ಆ ಪೋರ್ಟನ್ನು ನೇರ ಹೊರಕ್ಕೆ ತೆರೆದಿಟ್ಟಿದ್ದರು. ಹುಮನಾಬಾದ್ ರಸ್ತೆಗೆ ಮಿಲ್ಲಿನ ಗೇಟು ರಾತ್ರಿಯಿಡೀ ತೆರೆದಿಟ್ಟಂತೆ. ಈವೆಂಟ್ ವ್ಯೂವರ್‌ನ ಹಳೆಯ ದಾಖಲೆ ತೆಗೆದು ಮಾಲಕರಿಗೆ ತೋರಿಸಿದೆ: ಪುಟಪುಟಕ್ಕೂ 4625, ಅಂದರೆ ಸೋತ ಲಾಗಿನ್. ಅಡ್ಮಿನ್, ಅಡ್ಮಿನಿಸ್ಟ್ರೇಟರ್, ಟೆಸ್ಟ್, ಯೂಸರ್ ಎಂಬ ಹೆಸರುಗಳಲ್ಲಿ ಯಾವುದೋ ದೇಶದ ಯಂತ್ರಗಳು ಹಗಲು ರಾತ್ರಿ ಬಾಗಿಲು ಬಡಿದಿದ್ದವು. "ಇವರ‍್ಯಾರು ನಮ್ಮ ಮಿಲ್ಲಿನ ಮ್ಯಾಲ ಕಣ್ಣು ಹಾಕಿದೋರು?" ಅಂತ ಮಾಲಕರು ಗಾಬರಿಯಾದರು. ಯಾರೂ ಇವರನ್ನೇ ಹುಡುಕಿ ಬಂದಿಲ್ಲ. ಇಂಟರ್ನೆಟ್ಟಿನ ಪ್ರತಿ ವಿಳಾಸವನ್ನೂ ಬಡಿದು ನೋಡುವ ಪ್ರೋಗ್ರಾಂಗಳು ಅವು. ಪೋರ್ಟ್ ನಂಬರ್ ಬದಲಿಸಿದರೆ ಸದ್ದು ಕಡಿಮೆಯಾಗುತ್ತದೆ, ಅಪಾಯ ಅಷ್ಟೇ ಇರುತ್ತದೆ. 2019ರ ಮೇನಲ್ಲಿ ಬ್ಲೂಕೀಪ್ ಎಂಬ ದೋಷ ಹೊರಬಿದ್ದಾಗ ಪಾಸ್‌ವರ್ಡೇ ಇಲ್ಲದೆ ಹಳೆಯ ವಿಂಡೋಸ್ ಮಷಿನ್‌ಗಳಿಗೆ ಈ ಬಾಗಿಲಿನಿಂದ ನುಗ್ಗಬಹುದಿತ್ತು. 2014ರಲ್ಲೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ಪ್ಯಾಚ್ ಕೊಟ್ಟಿತು ಎಂದರೆ ಅದರ ಗಂಭೀರತೆ ತಿಳಿಯುತ್ತದೆ.

ಈಗ ಮಿಲ್ಲಿನಲ್ಲಿ ಬೇರೆ ಫೈಬರ್ ಲೈನ್. ರೌಟರ್ ಒಳಗೆ ಹೋಗಿ ನೋಡಿದರೆ ಹೊರಗಿನ ವಿಳಾಸ 100.64ರಿಂದ 100.127ರ ನಡುವಿನದು. ಅದರರ್ಥ ಸಿಜಿನ್ಯಾಟ್: ಒಂದೇ ಸಾರ್ವಜನಿಕ ವಿಳಾಸವನ್ನು ಕಂಪನಿ ಅನೇಕ ಗಿರಾಕಿಗಳಿಗೆ ಹಂಚಿದೆ, ಹೊರಗಿನಿಂದ ಬಂದವರಿಗೆ ನಮ್ಮ ಮಿಲ್ಲು ಕಾಣುವುದೇ ಇಲ್ಲ. ರೌಟರಿನಲ್ಲಿ ಪೋರ್ಟ್ ಎಷ್ಟು ತೆರೆದರೂ ಉಪಯೋಗವಿಲ್ಲ. ಹಲವರು ಇಲ್ಲಿಯೇ ಸೋತು ಕೈಚೆಲ್ಲುತ್ತಾರೆ. ನನಗೆ ಇದು ಒಳ್ಳೆಯದೇ ಅನ್ನಿಸುತ್ತದೆ, ಸೋಮಾರಿ ದಾರಿ ತಾನಾಗಿಯೇ ಬಂದ್.

ನಾನು ಮಾಡಿದ್ದು ಹೀಗೆ. ತಿಂಗಳ ಬಾಡಿಗೆಗೆ ಒಂದು ಚಿಕ್ಕ ಲಿನಕ್ಸ್ ಮಷಿನ್ ಹಿಡಿದೆ, ಅದಕ್ಕೆ ಸಾರ್ವಜನಿಕ ವಿಳಾಸವಿದೆ. ಅದರ ಮೇಲೆ ವೈರ್‌ಗಾರ್ಡ್, ಅಂದರೆ ಇಂಟರ್ನೆಟ್ಟಿನೊಳಗೆ ನಮ್ಮ ಮಷಿನ್‌ಗಳಿಗಷ್ಟೇ ಖಾಸಗಿ ಸುರಂಗ (ಟನಲ್) ಮಾಡಿಕೊಡುವ ಪ್ರೋಗ್ರಾಂ. 2020ರ ಮಾರ್ಚ್‌ನಲ್ಲಿ ಬಂದ 5.6 ಕರ್ನಲ್‌ನಿಂದ ಇದು ಲಿನಕ್ಸಿನ ಒಳಗೇ ಇದೆ, ತೆರೆಯಬೇಕಾದ್ದು ಒಂದೇ ಯುಡಿಪಿ ಪೋರ್ಟು, ಸಾಮಾನ್ಯವಾಗಿ 51820. ಸರಿಯಾದ ಕೀ ಇಲ್ಲದವರು ಬಡಿದರೆ ಅದು ಉತ್ತರವನ್ನೇ ಕೊಡುವುದಿಲ್ಲ, ಹಾಗಾಗಿ ಅಲ್ಲೊಂದು ಬಾಗಿಲಿದೆ ಎಂಬುದೂ ಗೊತ್ತಾಗುವುದಿಲ್ಲ. ಮಿಲ್ಲಿನ ಸರ್ವರ್, ಕಾಕಾ ಅವರ ಲ್ಯಾಪ್‌ಟಾಪ್, ಮಾಲಕರ ಫೋನು, ಮೂರೂ ತಾವಾಗಿಯೇ ಹೊರಟು ಆ ಬಾಡಿಗೆ ಮಷಿನ್‌ಗೆ ಬಂದು ಸೇರುತ್ತವೆ. ಒಳಗಿನಿಂದ ಹೊರಗೆ ಹೋಗುವುದಕ್ಕೆ ಸಿಜಿನ್ಯಾಟ್ ಅಡ್ಡಿ ಮಾಡುವುದಿಲ್ಲ. ಮಿಲ್ಲಿನ ಸರ್ವರ್ ಕಡೆಯ ಸೆಟ್ಟಿಂಗಿನಲ್ಲಿ ಕೀಪ್‌ಅಲೈವ್ (ದಾರಿ ತೆರೆದಿಡಲು ಆಗಾಗ ಕಳಿಸುವ ಚಿಕ್ಕ ಪ್ಯಾಕೆಟ್) 25 ಸೆಕೆಂಡು ಎಂದು ಬರೆಯಲೇಬೇಕು. ಇಲ್ಲವಾದರೆ ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ನಡುವಿನ ದಾರಿ ಮುಚ್ಚಿ, ಮುನೀಮರು ಬಂದಾಗ ಸರ್ವರ್ ಸಿಗುವುದಿಲ್ಲ. ವಿಂಡೋಸ್‌ನಲ್ಲಿ ವೈರ್‌ಗಾರ್ಡ್ ಸರ್ವಿಸ್ ಆಗಿ ಕೂರುತ್ತದೆ, ಯಾರೂ ಲಾಗಿನ್ ಆಗದಿದ್ದರೂ ಟನಲ್ ಏಳುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಇದು ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ವಿಂಡೋಸ್ ಫೈರ್‌ವಾಲ್‌ನಲ್ಲಿ 3389ರ ನಿಯಮ ಬದಲಿಸಿ, ಟನಲ್ಲಿನ 10ರಿಂದ ಶುರುವಾಗುವ ವಿಳಾಸಗಳಿಗೂ ವೇ ಬ್ರಿಡ್ಜ್ ಕೋಣೆಯ ಮಷಿನ್‌ಗೂ ಮಾತ್ರ ಪರವಾನಗಿ. ಪರದೆ ತೆರೆಯುವ ಮೊದಲೇ ಪಾಸ್‌ವರ್ಡ್ ಕೇಳುವ ಎನ್‌ಎಲ್‌ಎ ಚಾಲೂ ಇರಲಿ. ಹಳೆಯ ಮಷಿನ್‌ನಿಂದ ಕನೆಕ್ಟ್ ಆಗುತ್ತಿಲ್ಲ ಎಂದು ಅದನ್ನು ತೆಗೆಯುವವರಿದ್ದಾರೆ, ಹಳೆಯ ಮಷಿನ್ ಬದಲಿಸಿ. ಮೂವರಿಗೂ ಬೇರೆಬೇರೆ ಅಕೌಂಟು, ಯಾರೂ ಅಡ್ಮಿನ್ ಅಲ್ಲ, ಮಾಲಕರೂ. "ನಂದೇ ಮಷಿನ್, ನಾನೇ ಅಡ್ಮಿನ್ ಅಲ್ಲೇನು?" ಎಂಬುದಕ್ಕೆ ಕಾಕಾನೇ ಉತ್ತರ ಕೊಟ್ಟರು: "ತಿಜೋರಿ ನಿಮ್ದೇ ಸಾವಕಾರ್ರೇ, ಕೀಲಿ ಇಟ್ಟು ಮರೆಯೋದೂ ನಿಮ್ದೇ."

ಎಲ್ಲ ಸರಿಯಾಗಿದ್ದರೂ ಕಾಕಾ ಹಾಟ್‌ಸ್ಪಾಟಿನಿಂದ ಬಂದರೆ ಪಾಸ್‌ವರ್ಡ್ ತನಕ ಹೋಗಿ ಪರದೆ ಕಪ್ಪಾಗಿ ನಿಲ್ಲುತ್ತಿತ್ತು. ಮನೆಯ ವೈಫೈನಲ್ಲಿ ಏನೂ ತೊಂದರೆ ಇಲ್ಲ. ಇಂಥ ಕಡೆ ಮೊದಲು ನೋಡಬೇಕಾದ್ದು ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ. ವೈರ್‌ಗಾರ್ಡ್‌ನಲ್ಲಿ ಅದು 1420 ಇರುತ್ತದೆ. ಕೆಲವು ಮೊಬೈಲ್ ಲೈನುಗಳಲ್ಲಿ ಅಷ್ಟು ದೊಡ್ಡದು ದಾಟುವುದಿಲ್ಲ, ಚಿಕ್ಕ ಪ್ಯಾಕೆಟ್ಟಿನ ಪಾಸ್‌ವರ್ಡ್ ದಾಟುತ್ತದೆ, ದೊಡ್ಡ ಪ್ಯಾಕೆಟ್ಟಿನ ಚಿತ್ರ ದಾಟುವುದಿಲ್ಲ. 1280ಕ್ಕೆ ಇಳಿಸಿದೆ, ಪರದೆ ಬಂತು.

ಪ್ರಿಂಟರಿನದು ಬೇರೆಯೇ ತಮಾಷೆ. ರಿಮೋಟ್ ಡೆಸ್ಕ್‌ಟಾಪ್ ತಾನಾಗಿಯೇ ಮನೆಯ ಪ್ರಿಂಟರನ್ನು ಸರ್ವರ್ ಒಳಗೆ ತಂದು ಮೊದಲ ಆಯ್ಕೆಯಾಗಿ ಕೂರಿಸುತ್ತದೆ. ಮೊದಲ ಸಂಜೆ ಕಾಕಾ ಒಂದು ಲಾರಿಗೆ ಗೇಟ್ ಪಾಸ್ ಒತ್ತಿದರು. ಕಪನೂರಿನಲ್ಲಿ ಲಾರಿ ಹಾರ್ನ್ ಹೊಡೆಯುತ್ತಾ ನಿಂತಿತ್ತು, ಪಾಸು ಶಹಾಬಜಾರದ ಮನೆಯಲ್ಲಿ ಮೊಮ್ಮಗನ ಹೋಂವರ್ಕ್ ಪ್ರಿಂಟರಿನಿಂದ ಹೊರಬಂತು. "ಯವ್ವಾ, ಲಾರಿ ಇಲ್ಲಿಗೇ ಕರಸ್ಲೇನು?" ಎಂದು ಫೋನ್. ವಿಂಡೋಸಿನ ನಿಯಮಗಳ ಪಟ್ಟಿಯಾದ ಗ್ರೂಪ್ ಪಾಲಿಸಿಯಲ್ಲಿ ಮನೆಯ ಪ್ರಿಂಟರನ್ನು ಡಿಫಾಲ್ಟ್ ಮಾಡಬೇಡ ಎಂಬ ಸಾಲಿದೆ, ಅದನ್ನು ಒತ್ತಿದೆ. ಅಲ್ಲೇ ಮನೆಯ ಡ್ರೈವ್‌ಗಳು ಸರ್ವರಿನಲ್ಲಿ ಕಾಣುವುದನ್ನೂ ನಿಲ್ಲಿಸಿದೆ. ಮೊಮ್ಮಗ ಗೇಮ್ ಇಳಿಸುವ ಲ್ಯಾಪ್‌ಟಾಪಿಗೂ ಮಿಲ್ಲಿನ ಲೆಕ್ಕಕ್ಕೂ ಅಷ್ಟು ಸಲಿಗೆ ಬೇಡ.

ಕನ್ನಡದ ಬಗ್ಗೆಯೂ ಕೇಳುತ್ತಾರೆ. ಅಕ್ಷರ ಮೂಡುವುದು ಸರ್ವರಿನಲ್ಲಾದ್ದರಿಂದ ಫಾಂಟೂ ಕೀಬೋರ್ಡೂ ಅಲ್ಲೇ ಇರಬೇಕು. ಹಳೆಯ ನುಡಿ ಫಾಂಟಿನಲ್ಲಿ ಬರೆದ ಪತ್ರಗಳು ಮನೆಯಲ್ಲಿ ಸರಿ ಕಂಡು ರಿಮೋಟಿನಲ್ಲಿ ಚಿತ್ರಲಿಪಿಯಾದರೆ, ಆ ಫಾಂಟನ್ನು ಸರ್ವರಿಗೆ ಹಾಕಿ.

ಕೊನೆಗೆ ಕರೆಂಟು. ಬಯೋಸ್‌ನಲ್ಲಿ ಕರೆಂಟ್ ಬಂದೊಡನೆ ಮಷಿನ್ ತಾನೇ ಏಳುವ ಆಯ್ಕೆ ಇದೆ, ಮೊದಲ ದಿನವೇ ಹಾಕಿಡಿ. ಸ್ಲೀಪ್ ತೆಗೆಯಿರಿ. ಯುಪಿಎಸ್‌ನ ಯುಎಸ್‌ಬಿ ವೈರ್ ಸರ್ವರಿಗೆ ಚುಚ್ಚಿದರೆ ಬ್ಯಾಟರಿ ಇಳಿದಾಗ ಅದು ಮರ್ಯಾದೆಯಿಂದ ಶಟ್‌ಡೌನ್ ಆಗುತ್ತದೆ. ಎಷ್ಟೋ ಕಡೆ ಆ ವೈರ್ ಇನ್ನೂ ಡಬ್ಬಿಯಲ್ಲೇ ಇರುತ್ತದೆ. ಸರ್ವರಿಗೆ ಯುಪಿಎಸ್ ಕೊಟ್ಟು ಫೈಬರ್ ಡಬ್ಬಿಯನ್ನೂ ರೌಟರನ್ನೂ ನೇರ ಗೋಡೆಗೆ ಚುಚ್ಚುವುದಂತೂ ಊರ ಸಂಪ್ರದಾಯ. ಮಿಲ್ಲಿನ ದೊಡ್ಡ ಮೋಟರ್ ಶುರುವಾಗುವಾಗ ವೋಲ್ಟೇಜ್ ಕುಸಿದು ರೌಟರ್ ಮಾತ್ರ ರೀಸ್ಟಾರ್ಟ್ ಆಗಿರುತ್ತದೆ, ಬೈಗುಳ ಸರ್ವರಿಗೆ. ಹೊಟ್ಟಿನ ಧೂಳನ್ನು ಫ್ಯಾನಿನಿಂದ ತೆಗೆಸುವುದನ್ನು ವೇ ಬ್ರಿಡ್ಜ್ ಹುಡುಗನಿಗೆ ಒಪ್ಪಿಸಿದ್ದೇನೆ.

ಈಗ ಆಡಿಟರ್ ಆಫೀಸಿನವರೂ ತಮಗೊಂದು ದಾರಿ ಕೇಳಿದ್ದಾರೆ. ಕಾಕಾ ತಮ್ಮ ಕೀ ಫೈಲನ್ನೇ ವಾಟ್ಸಾಪ್‌ನಲ್ಲಿ ಕಳಿಸಲು ಹೊರಟಿದ್ದರು, ತಡೆದೆ. ಅವರಿಗೆ ಬೇರೆ ಕೀ, ಬೇರೆ ಅಕೌಂಟು, ಅವರ ಮಷಿನ್‌ಗೆ ಇನ್ನೊಂದು ಕ್ಯಾಲ್. ಸೆಪ್ಟೆಂಬರ್ 30ರ ಆಡಿಟ್ ರಿಪೋರ್ಟ್ ಹೋದ ಮರುದಿನ ಬಾಡಿಗೆ ಮಷಿನ್‌ನಲ್ಲಿ ಅವರ ಹೆಸರಿನ ನಾಲ್ಕು ಸಾಲು ಅಳಿಸಿ ಅಕೌಂಟ್ ಬಂದ್ ಮಾಡುತ್ತೇನೆ, ಮುಂದಿನ ವರ್ಷ ಕೇಳಿದರೆ ಹೊಸದು.